ಉಲ್ಕಾಶಿಲೆಗಳ ಬೆನ್ನು ಹತ್ತಿದ ಅಧ್ಯಾಪಕ

ರಾತ್ರಿಯ ಆಕಾಶದಲ್ಲಿ ಬೆಳಕಿನ ಗೆರೆಯೊಂದು ಸರ್ರನೆ ಹಾದುಹೋದುದನ್ನು ನೀವೂ ನೋಡಿರಬಹುದು. 'ಚುಕ್ಕಿ ಬಿತ್ತು' ಎನ್ನುತ್ತೇವೆ. ಆದರೆ ಬೀಳುವುದು ನಕ್ಷತ್ರವಲ್ಲ. ಬಾಹ್ಯಾಕಾಶದಿಂದ ಬಂದ ಕಲ್ಲು ಅಥವಾ ಲೋಹದ ಚೂರು. ವಾಯುಮಂಡಲವನ್ನು ಅತಿವೇಗದಿಂದ ಹೊಕ್ಕಾಗ ಅದು ಕಾದು ಬೆಳಗುತ್ತದೆ. ಹೆಚ್ಚಿನವು ಅಲ್ಲಿಯೇ ಉರಿದುಹೋಗುತ್ತವೆ. ಉಳಿದು ನೆಲ ಮುಟ್ಟಿದ ಭಾಗವೇ ಉಲ್ಕಾಶಿಲೆ. ಸೌರವ್ಯೂಹ ರೂಪುಗೊಂಡ ಕಾಲದ, ಅಂದರೆ ಸುಮಾರು 450 ಕೋಟಿ ವರ್ಷಗಳ ಹಿಂದಿನ ಕಥೆಯನ್ನು ಅದು ತನ್ನೊಳಗೆ ಹಿಡಿದಿಟ್ಟುಕೊಂಡಿರುತ್ತದೆ.

ಇಂತಹ ಕಲ್ಲುಗಳನ್ನು ಹುಡುಕುವುದನ್ನೇ ಜೀವನವೃತ್ತಿಯಾಗಿ ಮಾಡಿಕೊಂಡವರಲ್ಲಿ ಅಮೆರಿಕದ ಹಾರ್ವೆ ನಿನಿಂಜರ್ (1887–1986) ಪ್ರಮುಖರು. ಕಾನ್ಸಾಸ್ ರಾಜ್ಯದ ಮ್ಯಾಕ್‌ಫರ್ಸನ್ ಕಾಲೇಜಿನಲ್ಲಿ ಅವರು ಜೀವಶಾಸ್ತ್ರದ ಅಧ್ಯಾಪಕರು. 1923ರ ನವೆಂಬರ್ 9ರ ರಾತ್ರಿ ಉರಿಯುವ ಉಲ್ಕೆಯೊಂದನ್ನು ಕಂಡರು. ಆ ಒಂದು ನೋಟ ಅವರ ಬದುಕಿನ ದಿಕ್ಕನ್ನೇ ಬದಲಿಸಿತು.

ಉಲ್ಕೆ ಬಿದ್ದ ಜಾಗವನ್ನು ಪತ್ತೆ ಮಾಡುವುದು ಹೇಗೆ? ಬೇರೆ ಬೇರೆ ಊರಿನವರು ಅದನ್ನು ಯಾವ ದಿಕ್ಕಿನಲ್ಲಿ ಕಂಡರೆಂದು ಕೇಳಿ, ಆ ಗೆರೆಗಳನ್ನು ನಕ್ಷೆಯ ಮೇಲೆ ಎಳೆದರೆ ಅವು ಕೂಡುವ ಸ್ಥಳದಿಂದ ಸುಳಿವು ಸಿಗುತ್ತದೆ. ಹಾಗಾಗಿ ನಿನಿಂಜರರ ಮುಖ್ಯ ಸಾಧನ ಯಂತ್ರವಲ್ಲ, ಜನ. ಅವರು ಊರೂರು ಸುತ್ತಿದರು, ಶಾಲೆಗಳಲ್ಲಿ ಮಾತನಾಡಿದರು, ಉಲ್ಕಾಶಿಲೆಯ ಗುರುತುಗಳನ್ನು ತಿಳಿಸಿದರು: ಹೊರಗೆ ಕಪ್ಪನೆಯ ಸುಟ್ಟ ಪದರ, ಗಾತ್ರಕ್ಕೆ ಮೀರಿದ ಭಾರ, ಹೆಚ್ಚಿನವಕ್ಕೆ ಅಯಸ್ಕಾಂತದ ಸೆಳೆತ. ಸಿಕ್ಕ ಕಲ್ಲಿಗೆ ಹಣ ಕೊಡುವುದಾಗಿಯೂ ಹೇಳಿದರು.

ಕಾನ್ಸಾಸ್‌ನ ಬಯಲು ಹೊಲಗಳಲ್ಲಿ ಬೇರೆ ಕಲ್ಲುಗಳು ವಿರಳ. ಉಳುವಾಗ ಭಾರವಾದ ಕಲ್ಲು ಎದ್ದರೆ ರೈತನಿಗೆ ಅದು ನೆನಪಿರುತ್ತಿತ್ತು. ಹ್ಯಾವಿಲೆಂಡ್ ಬಳಿಯ ರೈತರು ಇಂತಹವನ್ನು ಹುಲ್ಲಿನ ಮೆದೆ ಹಾರದಂತೆ ಮೇಲಿಡಲು ಬಳಸಿದ್ದುಂಟು! 1933ರಲ್ಲಿ ನಿನಿಂಜರ್ ಅಲ್ಲಿನ ಒಂದು ಸಣ್ಣ ತಗ್ಗನ್ನು ಅಗೆಸಿ, ಅದು ಉಲ್ಕಾಪಾತದಿಂದ ಆದ ಕುಳಿ ಎಂದು ತೋರಿಸಿದರು.

ಆದರೆ ಈ ವೃತ್ತಿಗೆ ತಿಂಗಳ ಸಂಬಳವಿಲ್ಲ. 1930ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿಯೇ, ಅವರು ಕಾಲೇಜಿನ ಕೆಲಸ ಬಿಟ್ಟರು. 1946ರಲ್ಲಿ ಅರಿಜೋನಾದ ಪ್ರಸಿದ್ಧ ಉಲ್ಕಾ ಕುಳಿಯ ಸಮೀಪ, ಹೆದ್ದಾರಿಯ ಬದಿಯಲ್ಲಿ, ವಸ್ತುಸಂಗ್ರಹಾಲಯ ತೆರೆದರು. ಟಿಕೆಟ್ಟಿನ ಹಣವೇ ಸಂಸಾರಕ್ಕೆ ಆಧಾರ. ಹೆದ್ದಾರಿಯನ್ನು ಬೇರೆಡೆಗೆ ತಿರುಗಿಸಿದಾಗ ನೋಡಲು ಬರುವವರು ಕಡಿಮೆಯಾದರು. 1953ರಲ್ಲಿ ಸಂಗ್ರಹಾಲಯ ಸೆಡೋನಾ ಊರಿಗೆ ಹೋಯಿತು.

ಕೊನೆಗೆ ಜೀವಮಾನದ ಸಂಗ್ರಹವನ್ನು ಮಾರಬೇಕಾಯಿತು. 1958ರಲ್ಲಿ ಒಂದು ಭಾಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೂ 1960ರಲ್ಲಿ ಉಳಿದುದರ ಬಹುಭಾಗ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯಕ್ಕೂ ಸೇರಿತು. ಕಲ್ಲುಗಳು ಅವರ ಕೈಬಿಟ್ಟವು. ವಿಜ್ಞಾನದ ಕೈ ಸೇರಿದವು. ಆ ವಿಶ್ವವಿದ್ಯಾಲಯದ ಉಲ್ಕಾಶಿಲಾ ಅಧ್ಯಯನ ಕೇಂದ್ರಕ್ಕೆ ಈ ಸಂಗ್ರಹವೇ ಬುನಾದಿಯಾಯಿತು.

ವಿದ್ಯಾರ್ಥಿಗಳೇ, ಹೊಲದಲ್ಲಿ ಬಿದ್ದಿದ್ದ ಕಲ್ಲುಗಳನ್ನು ಎಷ್ಟೋ ಜನ ಕಂಡಿದ್ದರು. ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದವರು ಕೆಲವರೇ. ವಿಜ್ಞಾನ ಶುರುವಾಗುವುದು ಆ ಪ್ರಶ್ನೆಯಿಂದ.