ಸಪ್ತರಾಜ್ಯಗಳ ನಕ್ಷೆ: ಗಡಿಗೆರೆಯನ್ನು ಓದುವ ಬಗೆ

ಇಂಗ್ಲೆಂಡಿನ ಪ್ರಾಚೀನ ಇತಿಹಾಸವನ್ನು ತಿಳಿಸುವ ಪುಸ್ತಕಗಳಲ್ಲಿ ಏಳು ಬಣ್ಣಗಳ ನಕ್ಷೆಯೊಂದು ಸಾಮಾನ್ಯವಾಗಿ ಇರುತ್ತದೆ. ನಾರ್ತಂಬ್ರಿಯ, ಮರ್ಸಿಯ, ಈಸ್ಟ್ ಆಂಗ್ಲಿಯ, ಎಸೆಕ್ಸ್, ಕೆಂಟ್, ಸಸೆಕ್ಸ್ ಮತ್ತು ವೆಸೆಕ್ಸ್ ಎಂಬ ಆಂಗ್ಲೋ-ಸ್ಯಾಕ್ಸನ್ ರಾಜ್ಯಗಳನ್ನು ಅದು ಖಚಿತವಾದ ಗೆರೆಗಳಿಂದ ವಿಂಗಡಿಸಿ ತೋರಿಸುತ್ತದೆ. ನೆನಪಿಡಲು ಈ ನಕ್ಷೆ ಅನುಕೂಲ. ಆದರೆ ಆ ರಾಜ್ಯಗಳು ತಾವೇ ಬರೆಸಿದ ಗಡಿನಕ್ಷೆ ಯಾವುದೂ ಉಳಿದುಬಂದಿಲ್ಲ. ನಕ್ಷೆಯ ಗೆರೆಗಳು ಬರಹದ ಆಧಾರಗಳಿಂದ ಮುಂದಿನವರು ಮಾಡಿದ ಅನುಮಾನಗಳು.

ಆಧಾರಗಳು ಹೇಳುವುದೇನು?

ಕ್ರಿ.ಶ. 410ರ ವೇಳೆಗೆ ಬ್ರಿಟನ್ನಿನಲ್ಲಿ ರೋಮನ್ನರ ಆಳ್ವಿಕೆ ಕೊನೆಗೊಂಡಿತು. ಅನಂತರ ಸಮುದ್ರದಾಚೆಯಿಂದ ಆಂಗಲ್, ಸ್ಯಾಕ್ಸನ್ ಮತ್ತು ಜೂಟ್ ಜನರು ಬಂದು ನೆಲೆಸಿದರೆಂದು ಬೀಡ್ ಎಂಬ ಕ್ರೈಸ್ತ ಸನ್ಯಾಸಿ 731ರಲ್ಲಿ ಮುಗಿಸಿದ ತನ್ನ ಇತಿಹಾಸಗ್ರಂಥದಲ್ಲಿ ಬರೆದಿದ್ದಾನೆ. ಅವನು ಗಡಿಗಳನ್ನು ನದಿಗಳ ಹೆಸರಿನಿಂದ ಸೂಚಿಸುತ್ತಾನೆ. ಹಂಬರ್ ನದಿ ಉತ್ತರದ ಆಂಗಲ್ಲರನ್ನು ದಕ್ಷಿಣದವರಿಂದ ಬೇರ್ಪಡಿಸುತ್ತದೆ. ಥೇಮ್ಸ್ ನದಿ ಕೆಂಟನ್ನು ಎಸೆಕ್ಸಿನಿಂದ ಬೇರ್ಪಡಿಸುತ್ತದೆ.

‘ಟ್ರೈಬಲ್ ಹೈಡೇಜ್’ ಎಂದು ಹೆಸರಾದ ಹಳೆಯ ಪಟ್ಟಿಯು ಮೂವತ್ತಕ್ಕೂ ಹೆಚ್ಚು ಜನವರ್ಗಗಳನ್ನು ಎಣಿಸುತ್ತದೆ. ಒಂದು ಕುಟುಂಬದ ಜೀವನಕ್ಕೆ ಸಾಕಾಗುವ ಭೂಮಿಯೇ ‘ಹೈಡ್’. ಈ ಪಟ್ಟಿಯಲ್ಲಿ ಮರ್ಸಿಯಕ್ಕೆ 30,000, ಕೆಂಟಿಗೆ 15,000, ಸಸೆಕ್ಸಿಗೆ 7,000 ಹೈಡ್‌ಗಳಿವೆ. ಕೆಲವು ಚಿಕ್ಕ ಜನವರ್ಗಗಳಿಗೆ ಕೇವಲ 300. ಈ ಚಿಕ್ಕವರಿಗೆ ಏಳು ಬಣ್ಣಗಳ ನಕ್ಷೆಯಲ್ಲಿ ಸ್ಥಳವಿಲ್ಲ. ಏಳೆಂಬ ಎಣಿಕೆಯನ್ನು ರೂಢಿಗೆ ತಂದವನು 12ನೆಯ ಶತಮಾನದ ಇತಿಹಾಸಕಾರ ಹಂಟಿಂಗ್‌ಡನ್ನಿನ ಹೆನ್ರಿ. 1611ರಲ್ಲಿ ಜಾನ್ ಸ್ಪೀಡ್ ತನ್ನ ಭೂಪಟಸಂಪುಟದಲ್ಲಿ ಸಪ್ತರಾಜ್ಯಗಳ ನಕ್ಷೆಯನ್ನು ಅಚ್ಚುಹಾಕಿಸಿದನು.

ರಾಜ್ಯಗಳು ನಿಂತಲ್ಲೇ ನಿಂತವೂ ಅಲ್ಲ. ನಾರ್ತಂಬ್ರಿಯವು ಬರ್ನೀಷಿಯ ಮತ್ತು ಡೈರಗಳ ಕೂಡಿಕೆಯಿಂದ ಆದದ್ದು. 825ರ ಯುದ್ಧದ ಬಳಿಕ ಕೆಂಟ್, ಸಸೆಕ್ಸ್ ಮತ್ತು ಎಸೆಕ್ಸ್‌ಗಳು ವೆಸೆಕ್ಸಿನ ಅಧೀನಕ್ಕೆ ಬಂದವು. ಆದುದರಿಂದ ವರ್ಷವನ್ನು ನಮೂದಿಸದ ನಕ್ಷೆಯು ಅರ್ಧ ಮಾತನ್ನಷ್ಟೇ ಹೇಳುತ್ತದೆ.

ತರಗತಿಯಲ್ಲಿ ಒಂದು ಚಟುವಟಿಕೆ

ವೆಸೆಕ್ಸಿನ ದೊರೆ ಆಲ್‌ಫ್ರೆಡ್ (ಆಳ್ವಿಕೆ 871–899) ಡೇನರ ನಾಯಕ ಗುತ್ರಮ್‌ನೊಡನೆ ಮಾಡಿಕೊಂಡ ಒಪ್ಪಂದವು ಗಡಿಯನ್ನು ಮಾತಿನಲ್ಲಿ ವರ್ಣಿಸುತ್ತದೆ: ಥೇಮ್ಸ್ ನದಿಯ ಮೇಲ್ಮುಖವಾಗಿ, ಅಲ್ಲಿಂದ ಲೀ ನದಿಯ ಮೂಲದವರೆಗೆ, ಅಲ್ಲಿಂದ ನೇರವಾಗಿ ಬೆಡ್‌ಫರ್ಡಿಗೆ, ಮುಂದೆ ಊಸ್ ನದಿಯಗುಂಟ ವಾಟ್ಲಿಂಗ್ ಸ್ಟ್ರೀಟ್ ಎಂಬ ಹಳೆಯ ರೋಮನ್ ಹೆದ್ದಾರಿಯವರೆಗೆ. ವರ್ಣನೆ ಅಲ್ಲಿಗೇ ನಿಲ್ಲುತ್ತದೆ. ಅನೇಕ ನಕ್ಷೆಗಳು ಮಾತ್ರ ಗೆರೆಯನ್ನು ಆ ಹೆದ್ದಾರಿಯಗುಂಟ ವಾಯವ್ಯಕ್ಕೆ ಮುಂದುವರಿಸುತ್ತವೆ.

ಶಿಕ್ಷಕರು ನದಿಗಳು ಮತ್ತು ಈ ಹೆದ್ದಾರಿಯನ್ನು ಮಾತ್ರ ಗುರುತಿಸಿದ ಖಾಲಿ ನಕ್ಷೆಯನ್ನು ಕೊಟ್ಟು, ಈ ವರ್ಣನೆಯಂತೆ ಗೆರೆ ಎಳೆಯಲು ಮಕ್ಕಳಿಗೆ ಹೇಳಬಹುದು. ಆಧಾರವಿರುವ ಭಾಗಕ್ಕೆ ಅಖಂಡ ಗೆರೆ, ಊಹೆಯ ಭಾಗಕ್ಕೆ ಚುಕ್ಕೆಗೆರೆ ಎಂಬ ನಿಯಮವನ್ನಿಟ್ಟರೆ, ತಿಳಿದದ್ದಕ್ಕೂ ಊಹಿಸಿದ್ದಕ್ಕೂ ಇರುವ ಅಂತರ ಅವರಿಗೆ ತಾನಾಗಿ ಮನವರಿಕೆಯಾಗುತ್ತದೆ.

ಹೆಸರು ಯಾರದು?

ನಕ್ಷೆಯ ಹೆಸರುಗಳನ್ನೂ ಪ್ರಶ್ನಿಸಬೇಕು. ‘ವೇಲ್ಸ್’ ಎಂಬುದು ಪರಕೀಯರು ಎಂಬರ್ಥದ ಪ್ರಾಚೀನ ಇಂಗ್ಲಿಷ್ ಪದದಿಂದ ಬಂದದ್ದು; ಅಲ್ಲಿನ ಜನ ತಮ್ಮ ನುಡಿಯಲ್ಲಿ ತಮ್ಮ ನಾಡನ್ನು ‘ಕಮ್ರಿ’ ಎನ್ನುತ್ತಾರೆ. ಇತ್ತ ಇಂಗ್ಲೆಂಡಿನೊಳಗೇ ಹರಿಯುವ ‘ಏವನ್’ ನದಿಯ ಹೆಸರು ನದಿ ಎಂಬರ್ಥದ ಬ್ರಿಟನ್ನರ ಪದ. ರಾಜ್ಯ ಬದಲಾದರೂ ಆ ನುಡಿಯ ಗುರುತು ನೀರಿನ ಹೆಸರಿನಲ್ಲಿ ಉಳಿಯಿತು. ಆಡಳಿತದ ಗೆರೆಯೂ ನುಡಿಯ ಹರವೂ ಒಂದೇ ಅಲ್ಲವೆಂಬುದು ಗಡಿನಾಡಿನ ಶಾಲೆಯ ಮಕ್ಕಳಿಗೆ ದಿನನಿತ್ಯದ ಅನುಭವ. ಈ ಪಾಠವನ್ನು ಗ್ರಹಿಸಲು ಅವರಿಗಿರುವ ಸಿದ್ಧತೆ ಅದೇ.