ಜಿನೀವಾದಲ್ಲೊಂದು ಉಮೇದುವಾರಿ

'ಇಂಟರ್ನ್‌ಶಿಪ್' ಅನ್ನುವ ಪದ ಈಗ ಯಾವ ಕಾಲೇಜಿನ ನೋಟೀಸು ಬೋರ್ಡಿನಲ್ಲಾದರೂ ವಾರಕ್ಕೊಮ್ಮೆ ಕಾಣುತ್ತದೆ. ಬ್ಯಾಂಕು, ಆಡಿಟರ ಆಫೀಸು, ವಿಮಾ ಕಂಪನಿ, ಇಷ್ಟು ಬಿಟ್ಟು ಮುಂದಕ್ಕೆ ನಾವು ಕಾಮರ್ಸಿನವರು ನೋಡುವುದೇ ಇಲ್ಲ. ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆಯಲ್ಲೂ ವಿದ್ಯಾರ್ಥಿಗಳನ್ನು ಹೀಗೆ ಕೆಲವು ವಾರಗಳ ಮಟ್ಟಿಗೆ ತೆಗೆದುಕೊಳ್ಳುತ್ತಾರೆ ಅಂದರೆ, "ಅದೆಲ್ಲ ಡಾಕ್ಟರಾಗುವವರಿಗಪ್ಪಾ" ಅಂತ ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬೇಕಾಗಿಲ್ಲ ಎಂದು ಹೇಳುವುದಕ್ಕೇ ಈ ಲೇಖನ.

ಮೊದಲು ಪದಗಳ ಅರ್ಥ ನೋಡೋಣ. ನಮ್ಮ ಅಜ್ಜಂದಿರ ಕಾಲದ ಕಚೇರಿಗಳಲ್ಲಿ 'ಉಮೇದುವಾರರು' ಅಂತ ಇರುತ್ತಿದ್ದರು. ಸಂಬಳವಿಲ್ಲದೆ ಗುಮಾಸ್ತರ ಪಕ್ಕದಲ್ಲಿ ಕೂತು, ನಕಲು ಬರೆದು, ಕಡತ ಹೊತ್ತು ಕೆಲಸ ಕಲಿಯುವವರು. ಇಂಟರ್ನ್ ಅಂದರೆ ಹೆಚ್ಚುಕಡಿಮೆ ಅವರೇ. ಉಮೇದುವಾರನಿಗೆ ಮುಂದೆ ನೌಕರಿ ಸಿಕ್ಕೀತೆಂಬ ಆಸೆಯಾದರೂ ಇತ್ತು. ಇಲ್ಲಿ ಆ ಭರವಸೆಯನ್ನೂ ಕೊಡುವುದಿಲ್ಲ. ಇನ್ನು 'ಆರೋಗ್ಯ ರಾಜತಾಂತ್ರಿಕತೆ'. ಮಾತು ದೊಡ್ಡದು, ಅರ್ಥ ಸರಳ. ರೋಗ ಗಡಿ ದಾಟುತ್ತದೆ, ಔಷಧವೂ ಗಡಿ ದಾಟಬೇಕು, ಆದರೆ ಸರಕಾರಗಳ ಅಧಿಕಾರ ಗಡಿಯಲ್ಲೇ ನಿಂತುಬಿಡುತ್ತದೆ. ಹಾಗಾಗಿ ದೇಶಗಳೆಲ್ಲ ಒಂದು ಮೇಜಿನ ಸುತ್ತ ಕೂತು ಚೌಕಾಸಿ ಮಾಡಲೇಬೇಕು. ಆ ಚೌಕಾಸಿಗೇ ಈ ಹೆಸರು.

ಚೌಕಾಸಿ ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ಯಾಕೆಂದರೆ ಈ ವಿಷಯ ಹುಟ್ಟಿದ್ದೇ ವ್ಯಾಪಾರದ ಜಗಳದಲ್ಲಿ. 1851ರಲ್ಲಿ ಪ್ಯಾರಿಸಿನಲ್ಲಿ ಮೊದಲ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಸೇರಿತು. 12 ದೇಶಗಳು ಬಂದವು. ಪ್ರತಿ ದೇಶದಿಂದ ಒಬ್ಬ ವೈದ್ಯ, ಒಬ್ಬ ರಾಜತಂತ್ರಜ್ಞ. ಮುಖ್ಯ ಚಿಂತೆ ಕಾಲರಾ. ಆಗ ಬಂದ ಹಡಗನ್ನು ದಿನಗಟ್ಟಲೆ ದೂರದಲ್ಲೇ ನಿಲ್ಲಿಸುವ ಕ್ವಾರಂಟೈನ್ ಪದ್ಧತಿ ಇತ್ತು, ಅದೂ ಒಂದೊಂದು ಬಂದರಿನಲ್ಲಿ ಒಂದೊಂದು ಕಾನೂನು. ಹಡಗು ನಿಂತಷ್ಟು ದಿನ ಸರಕು ಕೆಡುತ್ತದೆ, ಸಾಲದ ಬಡ್ಡಿ ಏರುತ್ತದೆ. ಹಡಗಿನ ವ್ಯಾಪಾರವೇ ಜೀವಾಳವಾಗಿದ್ದ ಬ್ರಿಟನ್ನಿಗೆ ಕ್ವಾರಂಟೈನ್ ಕಂಡರೆ ಆಗುತ್ತಿರಲಿಲ್ಲ. ಕಾಲರಾ ಅಂಟುರೋಗ ಹೌದೋ ಅಲ್ಲವೋ ಎಂಬುದರಲ್ಲೇ ವೈದ್ಯರಿಗೂ ಒಮ್ಮತವಿಲ್ಲ. ಕೊನೆಗೆ ಜಾರಿಗೆ ಬಂದ ಮೊದಲ ಒಪ್ಪಂದ ಆದದ್ದು 1892ರಲ್ಲಿ, ವೆನಿಸ್ ನಗರದಲ್ಲಿ. ಲೆಕ್ಕ ಹಾಕಿ, 41 ವರ್ಷ!

ಈ ಕಥೆಯಲ್ಲಿ ನಮ್ಮ ಮುಂಬಯಿಯೂ ಉಂಟು. 1896ರ ಸೆಪ್ಟೆಂಬರಿನಲ್ಲಿ ಬಂದರಿಗೆ ಹತ್ತಿರದ ಮಾಂಡ್ವಿ ಭಾಗದಲ್ಲಿ ಡಾ. ಅಕಾಶಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಸುದ್ದಿ ಯುರೋಪಿಗೆ ಮುಟ್ಟಿತು. 1897ರ ಆರಂಭದಲ್ಲಿ ಪ್ಲೇಗಿಗಾಗಿಯೇ ಇನ್ನೊಂದು ಸಮ್ಮೇಳನ, ಮತ್ತೆ ವೆನಿಸಿನಲ್ಲಿ. ಭಾರತದ ಸರಕಿಗೆ ಯುರೋಪಿನ ಬಂದರುಗಳು ಬಾಗಿಲು ಹಾಕಿದರೆ ಗತಿಯೇನು ಎಂಬ ಭಯ ಸರಕಾರಕ್ಕೆ. ಅದೇ ಫೆಬ್ರವರಿಯಲ್ಲಿ ಇಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 2020ರಲ್ಲಿ ಕೊರೋನಾ ಬಂದಾಗ ಸರಕಾರಗಳು ಕೈಗೆತ್ತಿಕೊಂಡದ್ದು ಅದೇ ಹಳೆಯ ಕಾಯಿದೆಯನ್ನು. ಇತ್ತ ಪ್ಲೇಗು 1898ರಲ್ಲಿ ಬೆಂಗಳೂರನ್ನೂ ಹೊಕ್ಕಿತು. ಆಮೇಲೆ ಇಕ್ಕಟ್ಟಿನ ಪೇಟೆ ಬಿಟ್ಟು ಜನ ಗಾಳಿ ಬೆಳಕಿನಲ್ಲಿ ವಾಸಿಸಲೆಂದು ಬೆಳೆಸಿದ ಬಡಾವಣೆಗಳೇ ಬಸವನಗುಡಿ, ಮಲ್ಲೇಶ್ವರ.

"ಅದು ಹಳೇ ಕಾಲದ್ದು" ಅನ್ನಬೇಡಿ. 2001ಕ್ಕೆ ಬನ್ನಿ. ಆಗ ಏಡ್ಸ್ ರೋಗದ ಔಷಧಿಗೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಖರ್ಚು ಬರುತ್ತಿತ್ತು. ಆಫ್ರಿಕದಲ್ಲಿ ಜನ ಸಾಯುತ್ತಿದ್ದರು. ಔಷಧಿ ಇರಲಿಲ್ಲವೆಂದಲ್ಲ, ಅದರ ಪೇಟೆಂಟು ಬೇರೆಯವರ ಕೈಯಲ್ಲಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಮೂರು ಔಷಧಿಗಳ ಮಿಶ್ರಣವನ್ನು 'ಗಡಿರಹಿತ ವೈದ್ಯರು' ಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಅಂದರು. ದಿನಕ್ಕೆ ಒಂದು ಡಾಲರಿಗೂ ಕಡಿಮೆ! ಅದೇ ವರ್ಷದ ನವೆಂಬರಿನಲ್ಲಿ ದೋಹಾದಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಸ್ಥೆಯ ಮಂತ್ರಿಗಳು, ಪೇಟೆಂಟಿನ ಒಪ್ಪಂದ ಜನರ ಆರೋಗ್ಯ ಕಾಪಾಡುವುದಕ್ಕೆ ಅಡ್ಡಿಯಾಗಬಾರದು ಎಂದು ಘೋಷಿಸಿದರು. ಉತ್ಪಾದನಾ ವೆಚ್ಚ, ಏಕಸ್ವಾಮ್ಯ, ಲಾಭಾಂಶ: ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಅಧ್ಯಾಯಗಳೇ ಅಲ್ಲಿ ಸಾವು ಬದುಕಿನ ಪ್ರಶ್ನೆ.

ಇನ್ನೊಂದು ಉದಾಹರಣೆ. 2007ರಲ್ಲಿ ಇಂಡೋನೇಷ್ಯಾ ತನ್ನಲ್ಲಿಯ ಹಕ್ಕಿಜ್ವರದ ವೈರಾಣುವಿನ ಮಾದರಿಗಳನ್ನು ಹೊರಗೆ ಕಳಿಸುವುದನ್ನು ನಿಲ್ಲಿಸಿತು. "ನಮ್ಮ ರೋಗಿಗಳಿಂದ ತೆಗೆದ ಮಾದರಿಯಿಂದ ನೀವು ಲಸಿಕೆ ಮಾಡಿ, ನಮಗೆ ಕೈಗೆಟುಕದ ಬೆಲೆಗೆ ಮಾರುತ್ತೀರಿ" ಎಂಬುದು ಅದರ ತಕರಾರು. ಕಚ್ಚಾ ಮಾಲು ಬಡವನದು, ಸಿದ್ಧ ಮಾಲು ಶ್ರೀಮಂತನದು. ಹತ್ತಿಗೂ ಬಟ್ಟೆಗೂ ನಡೆದ ಹಳೆಯ ಕಥೆಯೇ ತಾನೆ? ನಾಲ್ಕು ವರ್ಷ ಮಾತುಕತೆ ನಡೆದು, 2011ರಲ್ಲಿ ಫ್ಲೂ ಮಾದರಿಗಳ ಬಗ್ಗೆ ಒಂದು ಏರ್ಪಾಡಾಯಿತು. ಕೊರೋನಾದ ನಂತರ ಇದೇ ಪ್ರಶ್ನೆ ದೊಡ್ಡದಾಗಿ ಎದ್ದಿತು. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಮಹಾಮಾರಿ ಒಪ್ಪಂದವನ್ನು ಅಂಗೀಕರಿಸಿತು. ಆದರೆ ಮಾದರಿ ಕೊಟ್ಟವರಿಗೆ ಲಸಿಕೆಯಲ್ಲಿ ಪಾಲೆಷ್ಟು ಎಂಬ ಕಗ್ಗಂಟನ್ನು ಮಾತ್ರ ಮುಂದೆ ಬರೆಯಬೇಕಾದ ಅನುಬಂಧಕ್ಕೆ ಬಿಟ್ಟರು.

ಇಂಥ ಕಡೆ ಇಂಟರ್ನ್ ಏನು ಮಾಡುತ್ತಾನೆ? ಭಾಷಣವಂತೂ ಮಾಡುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಟಿಪ್ಪಣಿ ಬರೆಯುತ್ತಾನೆ, ಹಳೆಯ ವರದಿ ಹುಡುಕುತ್ತಾನೆ, ಅಂಕಿಅಂಶದ ಪಟ್ಟಿ ಮಾಡುತ್ತಾನೆ, ಕರಡು ತಿದ್ದುತ್ತಾನೆ. ಕರಡಿನ ವಿಷಯ ಒಂದು ಸ್ವಾರಸ್ಯ ಇದೆ. ಒಪ್ಪಿಗೆಯಾಗದ ಮಾತುಗಳನ್ನೆಲ್ಲ ಅಲ್ಲಿ ಚೌಕಾಕಾರದ ಆವರಣದೊಳಗೆ ಇಡುತ್ತಾರೆ. 'ಕೊಡತಕ್ಕದ್ದು' ಅಂತ ಒಬ್ಬರು, 'ಕೊಡಬಹುದು' ಅಂತ ಇನ್ನೊಬ್ಬರು, ಎರಡೂ ಆವರಣದಲ್ಲಿ. ರಾತ್ರಿಯೆಲ್ಲ ವಾದ ನಡೆದು ಒಂದೊಂದೇ ಆವರಣ ಬಿಡಿಸುತ್ತಾರೆ. ಕನ್ನಡ ಶಾಲೆಯಲ್ಲಿ ಗಣಿತದ ಮೇಷ್ಟ್ರು "ಮೊದಲು ಆವರಣ ಬಿಡಿಸ್ರೋ" ಅನ್ನುತ್ತಿದ್ದರಲ್ಲ, ಇದೂ ಹಾಗೇ. ವ್ಯತ್ಯಾಸ ಇಷ್ಟೇ: 'ತಕ್ಕದ್ದು' ಹೋಗಿ 'ಬಹುದು' ಉಳಿದರೆ ಎಲ್ಲೋ ಒಂದು ಊರಿಗೆ ಲಸಿಕೆ ತಡವಾಗುತ್ತದೆ.

ಈಗ ಮುಖ್ಯ ಮಾತು. ಈ ಹಿಂದಿನ ಸಾಲಿನಲ್ಲಿ ಕೂರುವವರು ಯಾರು? ಬಹಳ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇಂಟರ್ನ್‌ಗಳಿಗೆ ಭತ್ಯೆ ಕೊಡುತ್ತಿರಲಿಲ್ಲ. ಜಿನೀವಾ ಲೋಕದ ಅತಿ ದುಬಾರಿ ಊರುಗಳಲ್ಲೊಂದು. ಮನೆಯಿಂದ ದುಡ್ಡು ತರಿಸಿಕೊಳ್ಳಬಲ್ಲವರು ಬಂದರು, ಉಳಿದವರು ಅರ್ಜಿಯನ್ನೇ ಹಾಕಲಿಲ್ಲ. 2015ರ ಆಗಸ್ಟಿನಲ್ಲಿ, ಅದೇ ಊರಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಸಂಬಳವಿಲ್ಲದ ಇಂಟರ್ನ್ ಆಗಿದ್ದ ನ್ಯೂಜಿಲೆಂಡಿನ 22ರ ಯುವಕನೊಬ್ಬ ಸರೋವರದ ದಂಡೆಯಲ್ಲಿ ಟೆಂಟು ಹಾಕಿ ಮಲಗುತ್ತಿದ್ದಾನೆಂಬ ಸುದ್ದಿ ಲೋಕವೆಲ್ಲ ಓಡಾಡಿತು. ಈ ವಿಷಯಕ್ಕೆ ಗಮನ ಸೆಳೆಯಲೆಂದೂ ಹಾಗೆ ಮಾಡಿದೆ ಅಂತ ಆಮೇಲೆ ಅವನೇ ಹೇಳಿದ. ಗಮನವಂತೂ ಸೆಳೆಯಿತು.

ಬಡ ದೇಶಗಳ ರೋಗದ ಬಗ್ಗೆ ಮಾತಾಡುವ ಮನೆಯಲ್ಲಿ ಬಡ ದೇಶದ ಮಕ್ಕಳಿಗೇ ಜಾಗವಿಲ್ಲ ಎಂಬ ಈ ವಿಪರೀತ ಕೊನೆಗೂ ಚರ್ಚೆಗೆ ಬಂತು. 2018ರ ಮೇ ತಿಂಗಳಲ್ಲಿ 71ನೇ ವಿಶ್ವ ಆರೋಗ್ಯ ಸಭೆ ಒಂದು ನಿರ್ಣಯ ಮಾಡಿತು: 2020ರೊಳಗೆ ಇಂಟರ್ನ್‌ಗಳಿಗೆ ಹಣದ ನೆರವು ಸಿಗಬೇಕು, 2022ರ ಹೊತ್ತಿಗೆ ಆಯ್ಕೆಯಾದವರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಹಿಂದುಳಿದ ಹಾಗೂ ಮಧ್ಯಮ ಆದಾಯದ ದೇಶಗಳವರಾಗಿರಬೇಕು. 2020ರಲ್ಲಿ ಭತ್ಯೆ ಶುರುವಾಯಿತು. ಗಮನಿಸಿ, ಇದನ್ನು ಯಾರೂ ದಾನವಾಗಿ ಕೊಟ್ಟದ್ದಲ್ಲ. ದೇಶಗಳು ಮೇಜಿನ ಸುತ್ತ ಕೂತು ಗೊತ್ತುಮಾಡಿದ್ದು.

ಅರ್ಜಿಯ ನಿಯಮಗಳು ಹೀಗಿವೆ. ವಯಸ್ಸು ಕನಿಷ್ಠ 20. ಮೂರು ವರ್ಷದ ಪದವಿ ಓದು ಮುಗಿದಿರಬೇಕು, ಮುಂದೆ ಓದುತ್ತಿರಬೇಕು ಅಥವಾ ಪಾಸಾಗಿ ಆರು ತಿಂಗಳು ದಾಟಿರಬಾರದು. ಅವಧಿ 6ರಿಂದ 24 ವಾರ. ಪ್ರಯಾಣದ ಖರ್ಚು ನಮ್ಮದೇ, ಇದು ಈಗಲೂ ಉಳಿದಿರುವ ಅಡ್ಡಗೋಡೆ. ಅಮೆರಿಕ 2025ರ ಜನವರಿಯಲ್ಲಿ ಸಂಸ್ಥೆಯನ್ನು ಬಿಡುವುದಾಗಿ ಹೇಳಿದ ಮೇಲೆ ಅಲ್ಲಿ ಖರ್ಚಿಗೆ ಕತ್ತರಿ ಬಿದ್ದಿದೆ. ಆದ್ದರಿಂದ ಆಯಾ ವರ್ಷದ ಪ್ರಕಟಣೆ ನೋಡಿಯೇ ಹೆಜ್ಜೆ ಇಡಬೇಕು. ನನ್ನ ಹಾಗೆ ಇಪ್ಪತ್ತು ತುಂಬಿದ ಬಿ.ಕಾಂ. ವಿದ್ಯಾರ್ಥಿಗೆ ವಯಸ್ಸಾಯಿತು, ಪದವಿ ಆಗಬೇಕು. ತಯಾರಿಗೆ ಸಮಯವಿದೆ ಎಂದರ್ಥ.

ಜಿನೀವಾ ದೂರವೆನಿಸಿದರೆ ಹತ್ತಿರದ ಬಾಗಿಲುಗಳಿವೆ. ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿ ದಿಲ್ಲಿಯಲ್ಲೇ ಇದೆ. ನಮ್ಮ ವಿದೇಶಾಂಗ ಸಚಿವಾಲಯವೂ ದಿಲ್ಲಿಯಲ್ಲಿ ಇಂಟರ್ನ್‌ಗಳನ್ನು ತೆಗೆದುಕೊಂಡು ಗೌರವಧನ ಕೊಡುತ್ತದೆ.

ಕೊನೆಗೆ ಭಾಷೆಯ ಅಂಜಿಕೆ. ಕನ್ನಡ ಮಾಧ್ಯಮದಿಂದ ಬಂದ ನಮಗೆ ಇದೇ ದೊಡ್ಡದು. ಇಂಗ್ಲಿಷು ಚೆನ್ನಾಗಿಯೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಭೆ ಆರು ಭಾಷೆಗಳಲ್ಲಿ ನಡೆಯುತ್ತದೆ. ಅಲ್ಲಿ ಕೂತವರಲ್ಲಿ ಎಷ್ಟೋ ಮಂದಿಗೆ ಇಂಗ್ಲಿಷು ಮನೆಮಾತಲ್ಲ. ಅಲ್ಲಿ ಬೇಕಾದ್ದು ಉಚ್ಚಾರದ ಠೀವಿಯಲ್ಲ, 'ತಕ್ಕದ್ದು' ಮತ್ತು 'ಬಹುದು' ಎರಡರ ನಡುವಿನ ಅಂತರ ಹಿಡಿಯುವ ಕಿವಿ. ಎರಡು ಮೂರು ಭಾಷೆಗಳ ನಡುವೆ ದಿನಾ ಓಡಾಡುವ ಮುಂಬಯಿ ಕನ್ನಡಿಗರಿಗೆ ಅಂಥ ಕಿವಿ ಬರುವುದು ಕಷ್ಟವೇನಲ್ಲ.

ವಿಶ್ವ ಆರೋಗ್ಯ ಸಭೆ ಪ್ರತಿ ವರ್ಷ ಮೇ ತಿಂಗಳಲ್ಲಿ ಸೇರುತ್ತದೆ. ಅದರ ಕಾಗದಪತ್ರ, ಚರ್ಚೆ ಎಲ್ಲವೂ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಪರೀಕ್ಷೆ ಮುಗಿದ ಮೇಲೆ ನಮ್ಮ ಸಂಘದ ನಾಲ್ಕು ಮಂದಿ ಸೇರಿ ಒಂದು ನಿರ್ಣಯವನ್ನಾದರೂ ಕನ್ನಡದಲ್ಲಿ ಬಿಡಿಸಿ ಓದೋಣವೇ? ಬರುವವರು ಹೆಸರು ಕೊಡಿ.