ನಾಲ್ಕು ಕಮಾನುಗಳ ಎದುರಿನ ಸಾಲಿನಲ್ಲಿ

ವಿಯೆನ್ನಾದ ಒಂದು ಹಳೆಯ ಕಟ್ಟಡ. ಬಾಗಿಲ ಪಕ್ಕದ ಗಾಜಿನ ಚೌಕಟ್ಟಿನೊಳಗೆ ಆ ಸಂಜೆಯ ಸ್ಟ್ರಿಂಗ್ ಕ್ವಾರ್ಟೆಟ್ ಕಛೇರಿಯ ವಿವರ ಅಂಟಿಸಿದ್ದಾರೆ. ಮೊದಲು ಹೈಡನ್, 1799. ಆಮೇಲೆ ಅಮೆರಿಕದ ಕ್ಯಾರೊಲಿನ್ ಶಾ, 2011. ವಿರಾಮದ ನಂತರ ಬೀಥೊವನ್, 1826. ಕಾಲಕ್ರಮಕ್ಕೆ ಜೋಡಿಸಿಲ್ಲ, ಹೊಸ ಕೃತಿಯನ್ನು ಎರಡು ಹಳೆಯವುಗಳ ಮಧ್ಯೆ ಕೂರಿಸಿದ್ದಾರೆ. ಏಕಿರಬಹುದು ಎಂಬ ಕುತೂಹಲ ಇಟ್ಟುಕೊಂಡೇ ಒಳಗೆ ಕಾಲಿಟ್ಟೆ.

ಹೊಕ್ಕ ಕೂಡಲೇ ಕೋಟು, ದೊಡ್ಡ ಚೀಲ ಎಲ್ಲವನ್ನೂ ಕೌಂಟರಿನಲ್ಲಿ ಒಪ್ಪಿಸಿ ಬಿಲ್ಲೆ ಪಡೆಯಬೇಕು. ಅಲ್ಲಿಂದ ಸವೆದ ಕಲ್ಲಿನ ಮೆಟ್ಟಿಲು ಹತ್ತಿದರೆ ಎತ್ತರದ ಜೋಡಿ ಬಾಗಿಲು, ಅದರಾಚೆ ಸಭಾಂಗಣ. ನಾನು ಊಹಿಸಿದ್ದಕ್ಕಿಂತ ಚಿಕ್ಕದು. ಮರದ ನೆಲ, ಮರದ ವೇದಿಕೆ, ಗೋಡೆಗೆ ತಿಳಿ ಹಳದಿ ಬಣ್ಣ. ಎಲ್ಲಿಯೂ ಮೈಕ್ ಇಲ್ಲ, ಸ್ಪೀಕರ್ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಾಗದ ಮಡಚಿದ್ದು ಮುಂದಿನವರೆಗೂ ಕೇಳಿಸಿತು.

ಬಲಗಡೆಯ ಸೀಟು ಸಿಕ್ಕಿತ್ತು. ಕೂರುವ ಮುನ್ನ ವೇದಿಕೆಯ ಅಂಚಿಗೆ ಹೋಗಿ ನೋಡಿದೆ. ನಾಲ್ಕು ಕುರ್ಚಿ ಅರ್ಧವೃತ್ತದಲ್ಲಿವೆ. ಎರಡು ವಯಲಿನ್, ಒಂದು ವಯೋಲಾ, ಬಲತುದಿಯಲ್ಲಿ ಚೆಲ್ಲೋ. ಚೆಲ್ಲೋ ಕುರ್ಚಿಯ ಮುಂದಿನ ಹಲಗೆಯಲ್ಲಿ ಚಿಕ್ಕ ಚಿಕ್ಕ ತೂತುಗಳು ಗುಂಪಾಗಿದ್ದವು. ಆ ವಾದ್ಯದ ಬುಡದಲ್ಲಿ ಒಂದು ಲೋಹದ ಮೊನೆಯಿರುತ್ತದೆ. ಜಾರದಿರಲೆಂದು ಅದನ್ನು ನೆಲಕ್ಕೆ ಚುಚ್ಚಿ ನಿಲ್ಲಿಸುತ್ತಾರೆ. ಎಷ್ಟೋ ವಾದಕರು ಬಂದು ಹೋದ ಗುರುತು ಆ ಹಲಗೆಯಲ್ಲಿ ಉಳಿದಿದೆ.

ನಾಲ್ವರೂ ಬಂದರು, ವಂದಿಸಿದರು, ಕುಳಿತರು. ಇಬ್ಬರ ಮುಂದೆ ಸ್ವರಲಿಪಿಯ ಪುಸ್ತಕ, ಇನ್ನಿಬ್ಬರ ಮುಂದೆ ಟ್ಯಾಬ್ಲೆಟ್. ಪುಟ ತಿರುವಲು ಪಾದದ ಬಳಿ ಒಂದು ಪೆಡಲ್. ನಮ್ಮಲ್ಲಿ ಪಿಟೀಲನ್ನು ಎದೆಗೂ ಪಾದಕ್ಕೂ ಆನಿಸಿ ನೆಲದ ಮೇಲೆ ಕೂತು ನುಡಿಸುತ್ತಾರೆ. ಇಲ್ಲಿ ಅದೇ ವಾದ್ಯ ಗದ್ದದಡಿಯಲ್ಲಿ ಸಿಕ್ಕಿಕೊಂಡು ಅಡ್ಡಡ್ಡಲಾಗಿ ನಿಲ್ಲುತ್ತದೆ. ಕಂಡಕ್ಟರ್ ಇಲ್ಲ. ಹಾಗಾದರೆ ಶುರುಮಾಡುವುದು ಯಾರು? ಮೊದಲ ವಯಲಿನ್‌ನವರು ಮೂಗಿನಿಂದ ಉಸಿರೆಳೆದರು, ಜೊತೆಗೇ ಕಮಾನು ಒಂದಿಷ್ಟು ಮೇಲೆದ್ದಿತು. ಮಿಕ್ಕ ಮೂವರಿಗೆ ಅಷ್ಟು ಸಾಕಾಯಿತು.

ಹೈಡನ್‌ನ ಈ ಕೃತಿ ಓಪಸ್ 77ರ ಎರಡನೆಯದು, ಅವನು ಪೂರ್ತಿ ಮಾಡಿದ ಕೊನೆಯ ಕ್ವಾರ್ಟೆಟ್. ಇದಾದ ಮೇಲೆ ಕೈಗೆತ್ತಿಕೊಂಡದ್ದು ಎರಡೇ ಭಾಗಕ್ಕೆ ನಿಂತುಹೋಯಿತು. ನಾವು ಕೇಳಿದ ಕೃತಿಯ ಎರಡನೆಯ ಭಾಗ ಮಿನುಯೆಟ್, ಹೆಸರಿಗೆ ನೃತ್ಯದ ಸಂಗೀತ. ಆದರೆ ಇದಕ್ಕೆ ಹೆಜ್ಜೆ ಹಾಕಲು ಹೋದವರು ತಡವರಿಸಿಯಾರು. ಎಣಿಕೆ ಮೂರರದು, ಒತ್ತು ಮಾತ್ರ ಎರಡೆರಡಾಗಿ ಬೀಳುತ್ತದೆ. ಈ ಓಟದ ನಡುವೆ ಇದ್ದಕ್ಕಿದ್ದಂತೆ ಆಧಾರ ಸ್ವರವೇ ಬದಲಾಗಿ, ನಾಲ್ವರೂ ಮೆಲುದನಿಗೆ ಇಳಿದರು. ಟ್ರಿಯೊ ಎಂದು ಕರೆಯುವ ಮಧ್ಯಭಾಗವಿದು. ಕಮಾನುಗಳು ತಂತಿಯನ್ನು ಮುಟ್ಟಿವೆಯೋ ಇಲ್ಲವೋ ಎಂಬಷ್ಟು ಹಗುರ.

ಆಮೇಲೆ ಬಂದ ಶಾ ಅವರ ಕೃತಿಯ ಹೆಸರು 'ಆಂತ್ರಾಕ್ತ್'. ಇದು ಹುಟ್ಟಿದ್ದೇ ನಾವು ಆಗ ಕೇಳಿದ ಟ್ರಿಯೊದಿಂದ. ಹೈಡನ್‌ನ ಈ ಕ್ವಾರ್ಟೆಟ್ಟನ್ನು ಒಂದು ಕಛೇರಿಯಲ್ಲಿ ಕೇಳಿ, ಶ್ರುತಿ ಹೊರಳುವ ಆ ಗಳಿಗೆ ಮನಸ್ಸಿಗೆ ನಾಟಿ, ಮಿನುಯೆಟ್ಟಿನ ಚೌಕಟ್ಟಿನಲ್ಲೇ ಅವರು ಇದನ್ನು ಬರೆದರು. ಆರಂಭ ಹಳೆಯ ಕಾಲದ ತೂಗಾಟದಂತೆಯೇ ಇದೆ. ಬರಬರುತ್ತಾ ಸ್ವರಗಳು ಕರಗತೊಡಗಿದವು. ವಯೋಲಾದವರ ಎಡಗೈ ಕಡೆ ನೋಡಿದೆ. ಬೆರಳು ತಂತಿಯನ್ನು ಒತ್ತುತ್ತಿಲ್ಲ, ಬರಿದೇ ತಾಗಿದೆ. ಕಮಾನು ಸರಿದಾಡುತ್ತಿದೆ, ಸ್ವರವಿಲ್ಲ. ಒಣಗಿದ ತೆಂಗಿನ ಗರಿಯನ್ನು ಅಂಗಳದಲ್ಲಿ ಎಳೆದೊಯ್ದಂಥ ಸದ್ದು ಮಾತ್ರ. ಆಮೇಲೆ ಕಮಾನು ಬಿಟ್ಟು ಬೆರಳಿನಿಂದ ಮೀಟಿದರು. ಕೊನೆಗೆ ಮೂವರು ಸುಮ್ಮನಾಗಿ, ಚೆಲ್ಲೋ ಮಾತ್ರ ತಂತಿಗಳನ್ನು ಮೀಟುತ್ತಾ ಮುಗಿಸಿತು. ಚಪ್ಪಾಳೆ ಶುರುವಾಗಲು ತುಸು ಹೊತ್ತು ಹಿಡಿಯಿತು. ಮುಗಿದದ್ದು ತಿಳಿಯದೆಯೋ, ಇನ್ನೂ ಕೇಳಬೇಕೆನಿಸಿಯೋ, ನಾನು ಹೇಳಲಾರೆ.

ವಿರಾಮದಲ್ಲಿ ಹೆಚ್ಚಿನವರು ಎದ್ದು ಪಾನೀಯಕ್ಕೆ ಹೋದರು. ನಾನು ಮತ್ತೆ ವೇದಿಕೆಯ ಹತ್ತಿರ ಹೋದೆ. ಕುರ್ಚಿಗಳ ಕೆಳಗೆ ಅಲ್ಲಲ್ಲಿ ಕಮಾನಿಗೆ ಹಚ್ಚುವ ರಾಳದ ಬಿಳಿ ಪುಡಿ ಉದುರಿತ್ತು.

ಬೀಥೊವನ್‌ನ ಓಪಸ್ 131 ನುಡಿಸಲು ಸುಮಾರು ನಲವತ್ತು ನಿಮಿಷ ಬೇಕು. ಏಳು ಭಾಗಗಳಿವೆ, ಅವುಗಳ ನಡುವೆ ಬಿಡುವೇ ಇಲ್ಲ. ಮೂರನೆಯ ಭಾಗಕ್ಕೆ ಹನ್ನೊಂದೇ ಬಾರ್ (ತಾಳದ ಸುತ್ತು); ಬಂದದ್ದು ತಿಳಿಯುವಷ್ಟರಲ್ಲಿ ಹೋಗಿರುತ್ತದೆ. ಹೀಗೆ ನಿಲ್ಲದೆ ಸಾಗುವುದರಿಂದ ತಂತಿ ಸಡಿಲವಾದರೂ ಶ್ರುತಿ ಸರಿಮಾಡಿಕೊಳ್ಳಲು ಪುರುಸೊತ್ತಿಲ್ಲ. ಬೆರಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿಯೇ ಸಂಭಾಳಿಸಬೇಕು. ಆರಂಭದಲ್ಲಿ ಮೊದಲ ವಯಲಿನ್ ಒಂಟಿ. ಆಮೇಲೆ ಎರಡನೆಯದು, ವಯೋಲಾ, ಚೆಲ್ಲೋ ಅದೇ ಮಾತನ್ನು ಒಂದೊಂದಾಗಿ ಎತ್ತಿಕೊಂಡು ಸೇರಿದವು.

ಐದನೆಯ ಭಾಗ ಬಿರುಸಿನದು. ಅದರ ಕೊನೆಯ ಹತ್ತಿರ ನಾಲ್ಕೂ ಕಮಾನುಗಳು ಒಟ್ಟಿಗೆ ಕುದುರೆಯ ಬುಡಕ್ಕೆ ಸರಿದವು. ತಂತಿಗಳನ್ನು ಎತ್ತಿ ಹಿಡಿಯುವ ಆ ಮರದ ತುಂಡಿನ ಪಕ್ಕದಲ್ಲೇ ಉಜ್ಜಿದರೆ ತುಂಬಿದ ನಾದ ಬರುವುದಿಲ್ಲ. ತೆಳ್ಳಗೆ, ಚೂಪಾಗಿ, ಗಾಜಿನಂಥ ಸದ್ದು ಬರುತ್ತದೆ. ಸಭೆಯಲ್ಲಿ ಕೆಲವರು ಸೆಟೆದು ಕುಳಿತರು. ನಾನೂ ಮುಂದಕ್ಕೆ ಬಾಗಿದೆ. ವಿರಾಮಕ್ಕೆ ಮುಂಚೆ ಹೊಸ ಕಾಲದ ಸಂಗೀತ ಎಂದು ಕೇಳಿದ ಆ ಗುಸುಗುಸು ಸದ್ದಿನ ಬಂಧುವೇ ಇದು. ಕಿವಿ ಕೇಳದಿದ್ದ ಮನುಷ್ಯ ಸುಮಾರು ಇನ್ನೂರು ವರ್ಷದ ಹಿಂದೆ ಇದನ್ನು ಬರೆದಿಟ್ಟಿದ್ದಾನೆ.

ಬಾಗಿಲ ಬಳಿ ಹುಟ್ಟಿದ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ಸಿಕ್ಕಿದ್ದು ಆಗಲೇ. ಕಾರ್ಯಕ್ರಮ ಜೋಡಿಸಿದವರ ಮನಸ್ಸಿನಲ್ಲಿ ಇದೇ ಇತ್ತು ಎಂದು ಖಚಿತವಾಗಿ ಹೇಳಲಾರೆ. ಆದರೆ ಮಧ್ಯದ ಆ ಹೊಸ ಕೃತಿ ಇರದಿದ್ದರೆ ಬೀಥೊವನ್‌ನ ಆ ಕರ್ಕಶ ಸದ್ದನ್ನು ಅವಸರದ ಒಂದು ಚಮತ್ಕಾರವೆಂದು ದಾಟಿಬಿಡುತ್ತಿದ್ದೆ. ಹೊಸದು ಹಳೆಯದಕ್ಕೆ ಕಿವಿಯನ್ನು ಹದಮಾಡಿತ್ತು; ಹೈಡನ್ ಮೊದಲೇ ಹೊಸದಕ್ಕೆ ದಾರಿ ತೋರಿಸಿದ್ದ.

ಇಂಥ ಕಛೇರಿಗೆ ಹೋಗುವ ಅವಕಾಶ ಸಿಕ್ಕರೆ, ಹಳೆಯ ಹೆಸರುಗಳಷ್ಟೇ ಇರುವ ಸಂಜೆಗಿಂತ ಬೆರಕೆಯ ಸಂಜೆಯನ್ನು ಆರಿಸಿಕೊಳ್ಳಿ. ಕೈಬೆರಳು ಕಾಣುವಷ್ಟು ಹತ್ತಿರ ಕುಳಿತುಕೊಳ್ಳಿ. ಪಾಶ್ಚಾತ್ಯ ಸಂಗೀತದ ಪಾಠ ಆಗಿರಬೇಕೆಂದಿಲ್ಲ. ಯಾರು ಯಾರ ಮುಖ ನೋಡುತ್ತಾರೆ, ಕಮಾನು ತಂತಿಯ ಯಾವ ಜಾಗಕ್ಕೆ ಸರಿಯುತ್ತದೆ ಎಂಬುದನ್ನು ಗಮನಿಸುತ್ತಾ ಹೋದರೆ ಅರ್ಧ ಸಂಗೀತ ಕಣ್ಣಿನ ಮೂಲಕವೇ ಅರ್ಥವಾಗುತ್ತದೆ.